ತಾತನಿಗೆ ಹಾರ್ಮೋನ್ ಇಂಜೆಕ್ಷನ್: ಮಕ್ಕಳಿರುವ ಮನೆಗೆ ಒಂದಿಷ್ಟು ಕಿವಿಮಾತು

ಮೂರು ತಿಂಗಳಿಗೊಮ್ಮೆ ಒಂದು ಇಂಜೆಕ್ಷನ್, ಅಷ್ಟೇ. ತಲೆಗೂದಲು ಉದುರುವುದಿಲ್ಲ, ವಾಂತಿಯಿಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾದ್ದಿಲ್ಲ. ಪ್ರೊಸ್ಟೇಟ್ ಕ್ಯಾನ್ಸರ್ ಎಂದು ಕೇಳಿ ಕಂಗಾಲಾಗಿದ್ದ ಮನೆಯವರಿಗೆ ಹಾರ್ಮೋನ್ ಚಿಕಿತ್ಸೆ ಎಂದರೆ ‘ಸದ್ಯ, ಇಷ್ಟರಲ್ಲೇ ಮುಗೀತಲ್ಲ’ ಅನ್ನಿಸುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮನೆಯೊಳಗೆ ಬೇರೆ ಮಾತು ಶುರುವಾಗುತ್ತದೆ. ಮಾಗಿಯ ಚಳಿಯಲ್ಲಿ ತಾತ ನಡುರಾತ್ರಿ ಎದ್ದು ಫ್ಯಾನ್ ಹಾಕುತ್ತಾರೆ. ಧಾರಾವಾಹಿ ನೋಡುತ್ತಾ ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಮೊಮ್ಮಗನನ್ನು ಎತ್ತಿಕೊಂಡವರು ನಾಲ್ಕು ಹೆಜ್ಜೆಗೇ ಇಳಿಸುತ್ತಾರೆ. ಸಣ್ಣ ಸದ್ದಿಗೂ ರೇಗುತ್ತಾರೆ. ಆಗ ಹತ್ತು ವರ್ಷದ ಮಗಳು ಬಂದು ‘ತಾತಂಗೆ ನನ್ ಮೇಲೆ ಕೋಪಾನಾ?’ ಎಂದು ಕೇಳುತ್ತಾಳೆ.

ಈ ಬರಹ ಆ ಮಗಳ ಅಪ್ಪ-ಅಮ್ಮನಿಗೆ. ರಾಮನಗರ ಮತ್ತು ಚನ್ನಪಟ್ಟಣದ ನಡುವಿನ ಕೆಂಗಲ್ ಸುತ್ತಿನ ಹಳ್ಳಿಗಳಿಂದ ಈ ಕಾಯಿಲೆಯ ಚಿಕಿತ್ಸೆಗೆ ಬಹುಪಾಲು ಜನ ಹೋಗುವುದು ಬೆಂಗಳೂರಿಗೆ. 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ, ಯಾವುದಾದರೂ ಖಾಸಗಿ ಆಸ್ಪತ್ರೆಗೋ. ಚಿಕಿತ್ಸೆ ಅಲ್ಲಿ, ಅದರ ಅಡ್ಡಪರಿಣಾಮದ ಜೊತೆ ಸಂಸಾರ ಇಲ್ಲಿ. ಡಾಕ್ಟರು ಸಿಗುವ ಐದು ನಿಮಿಷ ‘ಪಿಎಸ್‌ಎ ಎಷ್ಟು ಬಂತು’ ಎಂಬುದರಲ್ಲೇ ತೀರಿಹೋಗುತ್ತದೆ. ಪಿಎಸ್‌ಎ ಎಂದರೆ ಈ ಕಾಯಿಲೆಯ ಏರಿಳಿತ ತೋರಿಸುವ ರಕ್ತಪರೀಕ್ಷೆ. ಪಿಎಸ್‌ಎ ಇಳಿದಿದೆ ಎಂದು ಎಲ್ಲರೂ ಖುಷಿಯಾಗುತ್ತಾರೆ. ಇಳಿಯಲೇಬೇಕು, ಇಳಿದದ್ದು ಒಳ್ಳೆಯದೇ. ಆದರೆ ಅದರ ಜೊತೆಗೆ ಇನ್ನೇನೇನು ಇಳಿದಿದೆ ಎಂಬುದನ್ನು ಗಮನಿಸಬೇಕಾದವರು ಮನೆಯಲ್ಲಿರುವ ನೀವು.

ನಡೆಯುವುದೇನು ಎಂದು ಮೊದಲು ತಿಳಿದುಕೊಳ್ಳೋಣ. ಪ್ರೊಸ್ಟೇಟ್ ಕ್ಯಾನ್ಸರ್‌ನ ಕಣಗಳು ಬೆಳೆಯುವುದಕ್ಕೆ ಗಂಡಸಿನ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಬೇಕು. ಅದನ್ನು ನಿಲ್ಲಿಸಿದರೆ ಕ್ಯಾನ್ಸರ್ ಕುಗ್ಗುತ್ತದೆ ಎಂದು ಅಮೆರಿಕದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಆ ಕಾಲದಲ್ಲಿದ್ದ ಮುಖ್ಯ ದಾರಿ ಆಪರೇಷನ್ ಮಾಡಿ ಬೀಜ ತೆಗೆಯುವುದು. ಮಿದುಳಿನಿಂದ ಬೀಜಕ್ಕೆ ಸಂದೇಶ ಹೋಗುವ ಬಗೆ 1970ರ ದಶಕದಲ್ಲಿ ಗೊತ್ತಾದ ಮೇಲೆ, ಆ ಸಂದೇಶವನ್ನೇ ತಡೆಯುವ ಇಂಜೆಕ್ಷನ್‌ಗಳು ಬಂದವು. ಲ್ಯೂಪ್ರೊಲೈಡ್, ಗೋಸೆರೆಲಿನ್, ಟ್ರಿಪ್ಟೊರೆಲಿನ್ ಎಂದು ನಿಮ್ಮ ಫೈಲಿನಲ್ಲಿ ಬರೆದಿರುವುದು ಇವನ್ನೇ. ಇವು ಮೊದಲ ಒಂದೆರಡು ವಾರ ಹಾರ್ಮೋನನ್ನು ಏರಿಸಿ ಆಮೇಲೆ ಪೂರ್ತಿ ಇಳಿಸುತ್ತವೆ. ಆ ಏರಿಕೆ ತೊಂದರೆ ಕೊಡದಿರಲಿ ಎಂದೇ ಶುರುವಿನಲ್ಲಿ ಕೆಲವು ವಾರ ಬೈಕಾಲುಟಮೈಡ್ ಮಾತ್ರೆ ಬರೆಯುವುದು. ಡೆಗರೆಲಿಕ್ಸ್ ಎಂಬ ಇನ್ನೊಂದು ಬಗೆಯ ಇಂಜೆಕ್ಷನ್‌ಗೆ ಈ ಏರಿಕೆ ಇಲ್ಲ, ಆದರೆ ತಿಂಗಳು ತಿಂಗಳೂ ತೆಗೆದುಕೊಳ್ಳಬೇಕು. ಇಂಜೆಕ್ಷನ್‌ಗೆ ಮತ್ತೆ ಮತ್ತೆ ಓಡಾಡಲು, ದುಡ್ಡು ಹೊಂದಿಸಲು ಆಗದವರಿಗೆ ಒಂದೇ ಸಲದ ಆಪರೇಷನ್ ಈಗಲೂ ಸರಿಯಾದ ಚಿಕಿತ್ಸೆಯೇ. ಅದನ್ನು ಆರಿಸಿಕೊಂಡವರನ್ನು ಯಾರೂ ಹಳೇಕಾಲದವರು ಅನ್ನಬೇಕಾಗಿಲ್ಲ.

ದಾರಿ ಯಾವುದಾದರೂ ಫಲ ಒಂದೇ. ಸಾಮಾನ್ಯವಾಗಿ 300ರಿಂದ 1000ದವರೆಗೆ ಇರುವ ಟೆಸ್ಟೋಸ್ಟೆರಾನ್ ಅಂಕಿ 50ಕ್ಕಿಂತ ಕೆಳಗೆ ಬರುತ್ತದೆ. ಆ ಹಾರ್ಮೋನಿನ ಕೆಲಸ ಪ್ರೊಸ್ಟೇಟ್ ಒಂದರಲ್ಲೇ ಇರಲಿಲ್ಲವಲ್ಲ. ಸ್ನಾಯು, ಮೂಳೆ, ರಕ್ತ, ನಿದ್ದೆ, ಮನಸ್ಸು, ಆಸೆ ಎಲ್ಲದರಲ್ಲೂ ಇತ್ತು. ಮನೆಯಲ್ಲಿ ನಿಮಗೆ ಕಾಣುವ ಬದಲಾವಣೆಯೆಲ್ಲ ಅಲ್ಲಿಂದ ಬಂದದ್ದು. ಕ್ಯಾನ್ಸರ್ ಜಾಸ್ತಿಯಾಗಿ ಹೀಗಾಗುತ್ತಿದೆ ಎಂದು ಹೆದರುವ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಹೆಚ್ಚಿನ ಸಲ ಅದು ಔಷಧ ತನ್ನ ಕೆಲಸ ಮಾಡುತ್ತಿರುವುದರ ಗುರುತು.

ನಮ್ಮ ಕಡೆಯ ಹಿರಿಯರಿಗೆ ಇದನ್ನು ವಿವರಿಸುವುದು ಕಷ್ಟ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಸಂಕ್ರಾಂತಿ ಹೊತ್ತಿಗೆ ಕೆಂಗಲ್ ಅಯ್ಯನಗುಡಿಯಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯ ಹಲ್ಲು ನೋಡಿ, ಬೆನ್ನು ಸವರಿ ವ್ಯಾಪಾರ ಮಾಡಿದವರು ಅವರು. ಹೋರಿಗೂ ಬೀಜ ಒಡೆಸಿದ ಎತ್ತಿಗೂ ಏನು ವ್ಯತ್ಯಾಸ ಎಂದು ಬಾಲ್ಯದಿಂದ ಕಂಡವರು. ಅದಕ್ಕೇ ಮನಸ್ಸಿನಲ್ಲಿ ಕುದಿಯುತ್ತಾರೆ. ‘ನನ್ನ ಎತ್ತು ಮಾಡಿಬಿಟ್ರು’ ಎಂದು ಯಾರಿಗೂ ಕೇಳದ ಹಾಗೆ ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ತಳ್ಳಿಹಾಕಬೇಡಿ. ಅದೇ ಮಾತನ್ನು ಮುಂದುವರಿಸಿ: ಗಾಡಿ ಎಳೆಯುವುದು, ಹೊಲ ಉಳುವುದು ಯಾವುದು? ಎತ್ತೇ. ಆ ಶಕ್ತಿ ಅದಕ್ಕೆ ಎಲ್ಲಿಂದ ಬಂತು? ದಿನಾ ನೊಗಕ್ಕೆ ಕಟ್ಟಿದ್ದರಿಂದ. ಕೊಟ್ಟಿಗೆಯಲ್ಲೇ ಕಟ್ಟಿಹಾಕಿ ಮೇವು ಹಾಕಿದರೆ ಬರೀ ಕೊಬ್ಬು ಬೆಳೆಯುತ್ತದೆ.

ಈ ಚಿಕಿತ್ಸೆಯಲ್ಲಿರುವವರ ಮನೆಯವರಿಗೆ ನನ್ನಿಂದ ಒಂದೇ ಒಂದು ಮಾತು ಹೇಳಿಸಿ ಎಂದರೆ ಇದನ್ನೇ ಹೇಳುವೆ: ಅವರನ್ನು ಕೂರಿಸಬೇಡಿ. ನಮ್ಮಲ್ಲಿ ಕ್ಯಾನ್ಸರ್ ಎಂದು ತಿಳಿದ ಮಾರನೆಯ ದಿನದಿಂದ ಅಪ್ಪನ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತೇವೆ. ಸೊಪ್ಪು ಕತ್ತರಿಸುವುದು ಬೇಡ, ಹಾಲು ಹಾಕಿ ಬರುವುದು ಬೇಡ, ಅಂಗಡಿಗೆ ನಾನೇ ಹೋಗ್ತೀನಿ, ನೀನು ಆರಾಮಾಗಿ ಟಿವಿ ನೋಡು. ಪ್ರೀತಿಯೇ, ಅನುಮಾನವಿಲ್ಲ. ಆದರೆ ಟೆಸ್ಟೋಸ್ಟೆರಾನ್ ಇಲ್ಲದ ದೇಹದಲ್ಲಿ ಮೊದಲ ವರ್ಷದಲ್ಲೇ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬರುತ್ತದೆ. ತೂಕದ ಯಂತ್ರದಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಹೊಟ್ಟೆ ಮುಂದೆ ಬಂದಿರುತ್ತದೆ, ತೊಡೆ ಸಣ್ಣಗಾಗಿರುತ್ತದೆ, ನೆಲದಿಂದ ಏಳಲು ಗೋಡೆ ಹಿಡಿಯುತ್ತಾರೆ. ಸುಸ್ತು ಎಂದು ಕೂರುತ್ತಾರೆ, ಕೂತಷ್ಟೂ ಸುಸ್ತು ಹೆಚ್ಚುತ್ತದೆ. ಈ ಸುಸ್ತಿಗೆ ವಿಶ್ರಾಂತಿ ಮದ್ದಲ್ಲ. ಆಸ್ಟ್ರೇಲಿಯಾದಲ್ಲಿ ಇಂಥ ಚಿಕಿತ್ಸೆಯಲ್ಲಿದ್ದ ಗಂಡಸರಿಗೆ 12 ವಾರ ತೂಕ ಎತ್ತುವ ವ್ಯಾಯಾಮವನ್ನೂ ನಡಿಗೆಯಂಥ ವ್ಯಾಯಾಮವನ್ನೂ ಮಾಡಿಸಿ ನೋಡಿದಾಗ ಸ್ನಾಯುವೂ ಬಲವೂ ಸುಧಾರಿಸಿದ್ದು ಕಂಡಿತು, ಅದೂ ಹಾರ್ಮೋನ್ ತಳಮಟ್ಟದಲ್ಲಿರುವಾಗಲೇ.

ನಡಿಗೆ ಒಂದೇ ಸಾಲದು. ನಮ್ಮವರಿಗೆ ವ್ಯಾಯಾಮ ಎಂದರೆ ವಾಕಿಂಗ್, ಅಲ್ಲಿಗೆ ಮುಗಿಯಿತು. ವಾರಕ್ಕೆ ಎರಡು ಮೂರು ದಿನವಾದರೂ ಸ್ನಾಯುವಿಗೆ ಭಾರ ಬೀಳಬೇಕು. ಇದಕ್ಕೆ ಜಿಮ್ ಹುಡುಕಿಕೊಂಡು ರಾಮನಗರಕ್ಕೆ ಹೋಗಬೇಕಿಲ್ಲ. ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ಮೈ ಬಾಗಿಸಿ ಹಿಂದಕ್ಕೆ ತಳ್ಳುವುದು, ಒಂದೊಂದು ಲೀಟರ್ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು ಭುಜದೆತ್ತರಕ್ಕೆ ಎತ್ತುವುದು, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು. ಹಗುರ ಅನ್ನಿಸಿದ ವಾರ ಎರಡು ಲೀಟರ್ ಬಾಟಲಿ. ರೇಷ್ಮೆ ಮಾಡುವ ಮನೆಯಾದರೆ ಹಿಪ್ಪುನೇರಳೆ ಸೊಪ್ಪಿನ ಸಣ್ಣ ಹೊರೆ, ಚಂದ್ರಿಕೆ ಜೋಡಿಸುವ ಕೆಲಸ ಅವರಿಗೇ ಬಿಡಿ. ಚನ್ನಪಟ್ಟಣದ ಕಡೆ ಬೊಂಬೆ ಕಡೆಯುವ ಯಂತ್ರದ ಮುಂದೆ ಕೂತು ಅಭ್ಯಾಸವಿದ್ದವರಿಗೆ ದಿನಕ್ಕೆ ಒಂದು ಗಂಟೆಯಾದರೂ ಅದೇ ಕೆಲಸ ಇರಲಿ. ಮಕ್ಕಳಿಗೆ ಇಲ್ಲಿ ಒಂದು ಹುದ್ದೆ ಕೊಡಬಹುದು: ‘ತಾತ ಎಷ್ಟು ಸಲ ಎದ್ದರು, ಎಣಿಸಿ ಕ್ಯಾಲೆಂಡರಿನಲ್ಲಿ ಬರಿ.’ ನೀವು ಹೇಳಿದರೆ ಗದರುವ ಮನುಷ್ಯ ಮೊಮ್ಮಗಳು ಎಣಿಸಲು ನಿಂತರೆ ಹನ್ನೊಂದನೆಯದನ್ನೂ ಮಾಡುತ್ತಾರೆ.

ಆದರೆ ಒಂದು ಎಚ್ಚರ. ಕ್ಯಾನ್ಸರ್ ಮೂಳೆಗೆ ಹರಡಿದೆ ಎಂದು ಸ್ಕ್ಯಾನಿನಲ್ಲಿ ಬಂದಿದ್ದರೆ ಯಾವ ಮೂಳೆ, ಎಷ್ಟು ಭಾರ ತಾಳುತ್ತದೆ ಎಂದು ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿಯೇ ಶುರು ಮಾಡಬೇಕು. ಬಗ್ಗಿ ಮೂಟೆ ಎತ್ತುವುದು, ಸೊಂಟ ತಿರುಚುವುದು ಅಂಥವರಿಗೆ ಬೇಡ. ನಡೆಯಲು ಹೆದ್ದಾರಿ ಬದಿಗಿಂತ ಕೆರೆ ಏರಿಯೋ ತೋಟದ ದಾರಿಯೋ ಮೇಲು. 2023ರಲ್ಲಿ ಬೈಪಾಸ್ ಆದ ಮೇಲೆ ಊರೊಳಗಿನ ಹಳೇ ರಸ್ತೆಯಲ್ಲಿ ಗಾಡಿ ಕಡಿಮೆಯಾಗಿದೆ ಎನ್ನುತ್ತಾರೆ, ಬೆಳಗಿನ ಜಾವದ ಮಬ್ಬಿನಲ್ಲಿ ನನಗಂತೂ ಆ ಧೈರ್ಯವಿಲ್ಲ.

ಮೂಳೆಯ ವಿಷಯ ಇನ್ನೂ ಗಂಭೀರ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ವಯಸ್ಸಿನಿಂದಲೇ ಮೂಳೆ ವರ್ಷವರ್ಷವೂ ಸ್ವಲ್ಪ ಸವೆಯುತ್ತದೆ; ಈ ಚಿಕಿತ್ಸೆಯಲ್ಲಿ ಸವೆತದ ವೇಗ ಹಲವು ಪಟ್ಟು. ನೋವಿಲ್ಲ, ಊತವಿಲ್ಲ, ಒಂದು ದಿನ ಬಚ್ಚಲಲ್ಲಿ ಜಾರಿದರೆ ಸೊಂಟದ ಮೂಳೆ ಮುರಿದಿರುತ್ತದೆ. ಎಪ್ಪತ್ತು ದಾಟಿದವರಿಗೆ ಆ ಮುರಿತ ಎಷ್ಟೋ ಸಲ ಕ್ಯಾನ್ಸರ್‌ಗಿಂತ ದೊಡ್ಡ ಪೆಟ್ಟು. ಚಿಕಿತ್ಸೆ ದೀರ್ಘಕಾಲ ನಡೆಯುವುದಾದರೆ ಶುರುವಿನಲ್ಲೇ ಡೆಕ್ಸಾ ಎಂಬ ಮೂಳೆ ಸಾಂದ್ರತೆಯ ಸ್ಕ್ಯಾನ್ ಮಾಡಿಸಬೇಕೇ ಎಂದು ನೀವಾಗಿಯೇ ಕೇಳಿ. ಬಹಳ ಕಡೆ ಕೇಳದಿದ್ದರೆ ಈ ಮಾತೇ ಬರುವುದಿಲ್ಲ.

ಕ್ಯಾಲ್ಸಿಯಂ ಮಾತ್ರೆಗೆ ಮುಂಚೆ ತಟ್ಟೆ ನೋಡಿ. ದಿನಕ್ಕೆ ಎಲ್ಲ ಸೇರಿ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಕಾಲು ಲೀಟರ್ ಹಾಲಿನಲ್ಲಿ ಹತ್ತಿರ ಹತ್ತಿರ 300. ಎರಡು ಹೊತ್ತು ಮುದ್ದೆ, ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು ಇರುವ ಮನೆಯಲ್ಲಿ ಇದು ಬಹುಪಾಲು ತುಂಬುತ್ತದೆ. ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ ಎಂಬುದೂ ನಿಜ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಹೆಚ್ಚು ಹತ್ತುತ್ತದೆ. ಬೇಜಾರಿನ ಸಂಗತಿ ಎಂದರೆ ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಗೆ ಕಾಫಿಗಷ್ಟೇ ಉಳಿಸಿಕೊಳ್ಳುವವರು ನಮ್ಮಲ್ಲಿ ಹೆಚ್ಚು. ತಾತನ ಪಾಲಿನ ಅರ್ಧ ಲೀಟರ್ ಮೊದಲು ತೆಗೆದಿಟ್ಟು ಆಮೇಲೆ ಕ್ಯಾನಿಗೆ ಸುರಿಯಿರಿ. ವಿಟಮಿನ್ ಡಿ ರಕ್ತಪರೀಕ್ಷೆ ಮಾಡಿಸಿದ ಮೇಲೆ ಕೊಡುವ 60,000 ಯೂನಿಟ್ಟಿನ ವಾರದ ಮಾತ್ರೆಯನ್ನು ಹೇಳಿದಷ್ಟು ವಾರ ಮಾತ್ರ ಕೊಡಿ. ಒಳ್ಳೆಯದೆಂದು ವರ್ಷಗಟ್ಟಲೆ ನುಂಗಿಸಿದರೆ ಕೆಡುಕಾಗುತ್ತದೆ.

ಮೂಳೆ ಬಲಕ್ಕೆ ಜೋಲೆಡ್ರಾನಿಕ್ ಆ್ಯಸಿಡ್ ಅಥವಾ ಡೆನೊಸುಮಾಬ್ ಇಂಜೆಕ್ಷನ್ ಕೊಡುತ್ತೇವೆ ಎಂದರೆ ಅದಕ್ಕೆ ಮೊದಲು ಹಲ್ಲಿನ ಡಾಕ್ಟರ ಬಳಿ ಹೋಗಿಬನ್ನಿ. ಈ ಔಷಧಗಳ ಮೇಲೆ ಇರುವಾಗ ಹಲ್ಲು ಕೀಳಿಸಿದರೆ ಅಪರೂಪಕ್ಕೆ ದವಡೆ ಮೂಳೆ ಮಾಯದೆ ಕೊಳೆಯುತ್ತದೆ. ಎಲೆ-ಅಡಿಕೆ, ಕಡ್ಡಿಪುಡಿ ಹಾಕಿ ಹಲ್ಲಿನ ಬುಡ ಅಲ್ಲಾಡುತ್ತಿರುವವರಿಗೆ ಇದು ಬರೀ ಪುಸ್ತಕದ ಎಚ್ಚರಿಕೆಯಲ್ಲ. ಕೀಳಬೇಕಾದದ್ದನ್ನು ಮೊದಲೇ ಕೀಳಿಸಿ, ಗಾಯ ಮಾಗಿದ ಮೇಲೆ ಇಂಜೆಕ್ಷನ್. ಬೀಳುವ ಜಾಗಗಳನ್ನೂ ಮನೆಯಲ್ಲಿ ಒಮ್ಮೆ ಸುತ್ತಿ ನೋಡಿ: ಬಚ್ಚಲ ಕಲ್ಲಿನ ಪಾಚಿ, ರಾತ್ರಿ ಪಾಯಿಖಾನೆಗೆ ಹೋಗುವ ದಾರಿಯ ಕತ್ತಲೆ, ಮಕ್ಕಳು ಬಿಟ್ಟುಹೋದ ಆಟದ ಸಾಮಾನು. ಬಿಸಿರಕ್ತದ ಪಡ್ಡೆಯನ್ನು ನೀರಿಗೆ ಹಿಡಿದುಕೊಂಡು ಹೋಗುವ ಕೆಲಸವೊಂದನ್ನು ಮಾತ್ರ ಅವರಿಂದ ತಪ್ಪಿಸಿ. ಹಗ್ಗ ಮುಂಗೈಗೆ ಸುತ್ತಿಕೊಂಡಾಗ ಅದು ಒಂದು ಸಲ ಜಗ್ಗಿದರೂ ಸಾಕು.

ಇನ್ನು ಆ ರಾತ್ರಿಯ ಫ್ಯಾನು. ಮುಖ, ಕತ್ತು, ಎದೆಗೆ ಇದ್ದಕ್ಕಿದ್ದಂತೆ ಝಳ ಹೊಡೆದ ಹಾಗಾಗಿ, ಬೆವರು ಸುರಿದು, ಕೆಲವೇ ನಿಮಿಷದಲ್ಲಿ ಇಳಿದು ಚಳಿಯಾಗುತ್ತದೆ. ಈ ಚಿಕಿತ್ಸೆಯಲ್ಲಿರುವ ಹೆಚ್ಚಿನವರಿಗೆ ಬರುತ್ತದೆ. ಮುಟ್ಟು ನಿಲ್ಲುವ ಕಾಲದ ಹೆಂಗಸರಿಗೆ ಆಗುವುದೂ ಇದೇ, ಕಾರಣವೂ ಅದೇ ಜಾತಿಯದು. ಅಜ್ಜಿಗೆ ಇದನ್ನು ಹೇಳಿ ನೋಡಿ. ‘ನಂಗಾದಾಗ ಯಾರು ಕೇಳಿದ್ರಿ’ ಎಂದು ಒಂದು ಏಟು ಕೊಟ್ಟೇ ಕೊಡುತ್ತಾರೆ, ಕೊಟ್ಟ ಮೇಲೆ ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಇದು ಜ್ವರವಲ್ಲ, ಪ್ಯಾರಾಸಿಟಮಾಲ್ ಬೇಕಿಲ್ಲ. ಅನುಮಾನ ಬಂದರೆ ಥರ್ಮಾಮೀಟರ್ ಇಡಿ, ನಿಜವಾದ ಜ್ವರ ಅಂಕಿಯಲ್ಲಿ ಕಾಣುತ್ತದೆ.

ಏನು ಮಾಡಿದಾಗ ಝಳ ಬರುತ್ತದೆ ಎಂದು ಒಂದು ವಾರ ಬರೆದಿಡಿ. ಸುಡುಸುಡು ಕಾಫಿ, ಖಾರದ ಸಾರು, ಸಂಜೆಯ ಪೆಗ್ಗು, ಮುಚ್ಚಿದ ಕೋಣೆ ಇವು ಸಾಮಾನ್ಯ ಕಾರಣಗಳು. ನಮ್ಮ ಕಡೆ ಇನ್ನೊಂದು ಸೇರುತ್ತದೆ: ರೀಲಿಂಗ್ ಘಟಕದ ಬಿಸಿನೀರಿನ ಬಾನಿ, ಹುಳು ಸಾಕುವ ಬೆಚ್ಚಗಿನ ಮನೆ. ಅಲ್ಲಿ ಕೆಲಸ ಮಾಡುವವರಿಗೆ ಮಧ್ಯೆ ಮಧ್ಯೆ ಹೊರಗೆ ಬಂದು ನಿಲ್ಲುವ ಅವಕಾಶ ಬೇಕು. ಹತ್ತಿ ಬನಿಯನ್, ಹಾಸಿಗೆಯ ಪಕ್ಕದಲ್ಲಿ ಒಣ ಟವೆಲ್, ದಪ್ಪ ರಗ್ಗಿನ ಬದಲು ತೆಳ್ಳಗಿನ ಎರಡು ಹೊದಿಕೆ, ಇಷ್ಟರಿಂದ ಅರ್ಧ ಕಾಟ ತಪ್ಪುತ್ತದೆ. ಉಳಿದರ್ಧಕ್ಕೆ ಔಷಧವಿದೆ. ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್, ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಮೊದಲಾದವನ್ನು ತಜ್ಞರು ನೋಡಿ ಬರೆಯುತ್ತಾರೆ. ನಿದ್ದೆ ಕೆಡುವಷ್ಟಿದ್ದರೆ ಸಹಿಸಿಕೊಂಡು ಕೂರಬೇಡಿ, ಏಕೆಂದರೆ ಹಗಲಿನ ಸಿಡುಕಿಗೂ ಮರೆವಿಗೂ ಆ ಕೆಟ್ಟ ನಿದ್ದೆಯೂ ಒಂದು ಮೂಲ.

ಈಗ ಮಗಳ ಪ್ರಶ್ನೆಗೆ ಬರೋಣ. ಮಕ್ಕಳಿಂದ ಮುಚ್ಚಿಡುವುದು ನಮ್ಮ ಮನೆಗಳ ಮೊದಲ ಯೋಚನೆ. ಮುಚ್ಚಿಟ್ಟರೆ ಮಕ್ಕಳು ಕತೆ ಕಟ್ಟಿಕೊಳ್ಳುತ್ತಾರೆ, ಅವರು ಕಟ್ಟುವ ಕತೆ ನಿಜಕ್ಕಿಂತ ಭಯಂಕರವಾಗಿರುತ್ತದೆ. ಅದರಲ್ಲಿ ತಪ್ಪಿತಸ್ಥರು ತಾವೇ ಆಗಿರುತ್ತಾರೆ. ಐದಾರು ವರ್ಷದ ಮಗುವಿಗೆ ಇಷ್ಟು ಸಾಕು: ‘ತಾತನ ಹೊಟ್ಟೆಯೊಳಗೆ ಒಂದು ಕಾಯಿಲೆ ಇದೆ. ಅದಕ್ಕೆ ಸೂಜಿ ಹಾಕ್ತಾರೆ. ಆ ಸೂಜಿಯಿಂದ ತಾತಂಗೆ ಸೆಕೆ ಆಗುತ್ತೆ, ಬೇಗ ಸುಸ್ತಾಗುತ್ತೆ, ಒಂದೊಂದ್ಸಲ ಅಳು ಬರುತ್ತೆ. ನೀನು ಏನೂ ಮಾಡಿಲ್ಲ.’ ಕೊನೆಯ ವಾಕ್ಯ ಬಿಡಬೇಡಿ. ಹತ್ತು ದಾಟಿದವರಿಗೆ ಕ್ಯಾನ್ಸರ್ ಎಂಬ ಹೆಸರನ್ನೇ ಹೇಳಿ; ಶಾಲೆಯಲ್ಲೋ ಮೊಬೈಲಿನಲ್ಲೋ ಸಿಕ್ಕೇ ಸಿಗುತ್ತದೆ, ನಿಮ್ಮ ಬಾಯಿಂದ ಮೊದಲು ಬಂದರೆ ಮುಂದಿನ ಪ್ರಶ್ನೆಯೂ ನಿಮ್ಮ ಹತ್ತಿರವೇ ಬರುತ್ತದೆ. ಇದು ಅಂಟುವ ಕಾಯಿಲೆಯಲ್ಲ, ತಾತನ ತಟ್ಟೆಯಲ್ಲಿ ತಿನ್ನಬಹುದು, ಪಕ್ಕದಲ್ಲಿ ಮಲಗಬಹುದು, ಈ ಇಂಜೆಕ್ಷನ್‌ನಿಂದ ಮಗುವಿಗೆ ಯಾವ ವಿಕಿರಣವೂ ತಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಪಕ್ಕದ ಮನೆಯವರಿಗೂ ಹೇಳಬೇಕಾಗಿ ಬರುತ್ತದೆ.

ಇನ್ನೊಂದು ಇರುಸುಮುರುಸಿನ ಸಂಗತಿ. ಕೆಲವರಿಗೆ, ಅದರಲ್ಲೂ ಬೈಕಾಲುಟಮೈಡ್ ಒಂದನ್ನೇ ಬಹಳ ದಿನ ತೆಗೆದುಕೊಳ್ಳುವವರಿಗೆ, ಎದೆ ಊದಿಕೊಂಡು ಮುಟ್ಟಿದರೆ ನೋಯುತ್ತದೆ. ಬರಿಮೈಯಲ್ಲಿ ಜಗುಲಿ ಮೇಲೆ ಕೂರುತ್ತಿದ್ದವರು ಇದ್ದಕ್ಕಿದ್ದಂತೆ ಅಂಗಿ ಬಿಚ್ಚುವುದನ್ನೇ ನಿಲ್ಲಿಸುತ್ತಾರೆ. ಮಕ್ಕಳು ನೋಡಿದರೆ ನಕ್ಕೇ ನಗುತ್ತವೆ. ಗದರುವುದಕ್ಕಿಂತ ‘ಅದೂ ಔಷಧದಿಂದಲೇ, ನೋವಿರುತ್ತೆ, ಎದೆ ಮೇಲೆ ಬೀಳಬೇಡ’ ಎಂದು ಮೊದಲೇ ಹೇಳಿಟ್ಟರೆ ಅಲ್ಲಿಗೆ ಮುಗಿಯುತ್ತದೆ. ಇದಕ್ಕೂ ಚಿಕಿತ್ಸೆ ಇದೆ, ಊತ ಗಟ್ಟಿಯಾಗುವ ಮುಂಚೆ ಡಾಕ್ಟರಿಗೆ ಹೇಳಬೇಕು.

ಅಳು ಮತ್ತು ಸಿಡುಕಿನ ಬಗ್ಗೆ ಒಂದು ಗೆರೆ ಎಳೆದುಕೊಳ್ಳಿ. ಸಿನಿಮಾ ನೋಡಿ ಅತ್ತು ಅರ್ಧ ಗಂಟೆಗೆ ಸರಿಹೋದರೆ ಅದು ಹಾರ್ಮೋನಿನ ಆಟ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿಯಿಲ್ಲ, ಊಟ ಸೇರುವುದಿಲ್ಲ, ಜಾತ್ರೆಗೂ ಬರುವುದಿಲ್ಲ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬರುತ್ತಿದೆ ಎಂದರೆ ಅದು ಖಿನ್ನತೆ. ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು, ವಯಸ್ಸಾಯ್ತು ಎಂದು ಬಿಡುವಂಥದ್ದಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಗಂಡ-ಹೆಂಡಿರ ನಡುವಿನ ವಿಷಯವನ್ನು ಮಗನಾಗಿ ನೀವು ಕೇಳಲಾರಿರಿ, ಸೊಸೆಯಂತೂ ಇಲ್ಲವೇ ಇಲ್ಲ. ಆದರೆ ತಿಳಿದಿರಲಿ. ಈ ಚಿಕಿತ್ಸೆಯಲ್ಲಿ ಮೊದಲು ಹೋಗುವುದು ಆಸೆ, ಆಮೇಲೆ ಸಾಮರ್ಥ್ಯ. ಎಪ್ಪತ್ತರ ವಯಸ್ಸಿನವರಿಗೆ ಅದೇನು ದೊಡ್ಡದು ಎಂದುಕೊಳ್ಳುವುದು ನಮ್ಮ ಮೂರ್ಖತನ. ಸೆಕೆಯೆಂದು ತಾತ ಹೊರಗೆ ಜಗುಲಿಗೆ ಹಾಸಿಗೆ ಹಾಕಿಸಿಕೊಂಡರೆ ಅಜ್ಜಿ ಬೇರೇನೋ ಅರ್ಥ ಮಾಡಿಕೊಳ್ಳುತ್ತಾರೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಇಬ್ಬರನ್ನೂ ಡಾಕ್ಟರ ಮುಂದೆ ಕೂರಿಸಿ ನೀವು ಹತ್ತು ನಿಮಿಷ ಹೊರಗೆ ನಿಲ್ಲಿ. ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಗೋಡೆಬರಹದ ‘ಪುರುಷರ ಸಮಸ್ಯೆ’ಯ ಲೇಹ್ಯ, ಪುಡಿಗಳಿಗೆ ಮಾತ್ರ ಬಿಡಬೇಡಿ, ಯಾವುದನ್ನು ಟೆಸ್ಟೋಸ್ಟೆರಾನ್ ಹೆಚ್ಚಿಸುತ್ತದೆ ಎಂದು ಮಾರುತ್ತಾರೋ ಅದು ಈ ಚಿಕಿತ್ಸೆಯ ನೇರ ವಿರುದ್ಧ ದಿಕ್ಕು. ಹೃದಯಕ್ಕೆಂದು ನಾಲಿಗೆ ಕೆಳಗಿಡುವ ಮಾತ್ರೆ ಇಟ್ಟುಕೊಂಡವರು ಅಂಗಡಿಯಲ್ಲಿ ಸಿಲ್ಡೆನಾಫಿಲ್ ಕೇಳಿ ತಂದು ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ.

ಸಕ್ಕರೆ, ಕೊಲೆಸ್ಟರಾಲ್, ಬಿಪಿ ಮೂರೂ ಈ ಚಿಕಿತ್ಸೆಯಲ್ಲಿ ಏರುವ ಸ್ವಭಾವದವು. ಹೃದಯದ ತೊಂದರೆ ಮೊದಲೇ ಇದ್ದವರು, ಸ್ಟೆಂಟ್ ಹಾಕಿಸಿಕೊಂಡವರು ಆ ಫೈಲನ್ನೂ ಕ್ಯಾನ್ಸರ್ ಡಾಕ್ಟರ ಮುಂದಿಡಬೇಕು. ಮೂರು-ಆರು ತಿಂಗಳಿಗೊಮ್ಮೆ ಈ ಪರೀಕ್ಷೆಗಳನ್ನು ಚನ್ನಪಟ್ಟಣದ ಆಸ್ಪತ್ರೆಯಲ್ಲೋ ರಾಮನಗರದ ಜಿಲ್ಲಾಸ್ಪತ್ರೆಯಲ್ಲೋ ಮಾಡಿಸಿದರೆ ಸಾಕು, ಇದಕ್ಕೆ ಬೆಂಗಳೂರು ಬೇಡ. ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದೂ ಸಹಜ. ಕಾರಣ ಹಾರ್ಮೋನ್ ಕೊರತೆಯಾದ್ದರಿಂದ ಕಬ್ಬಿಣದ ಟಾನಿಕ್ ನೀವಾಗಿಯೇ ತಂದು ಕುಡಿಸಿದರೆ ಮಲಬದ್ಧತೆ ಬಿಟ್ಟು ಬೇರೇನೂ ಸಿಗುವುದಿಲ್ಲ.

ಇಂಜೆಕ್ಷನ್ ಜೊತೆಗೆ ಅಬಿರಾಟೆರೋನ್ ಮಾತ್ರೆ ಬರೆದಿದ್ದರೆ ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಜೊತೆಯ ಪ್ರೆಡ್ನಿಸೊಲೋನ್ ಮರೆಯುವಂತಿಲ್ಲ. ಬಿಪಿ ಏರಿ, ಪೊಟ್ಯಾಷಿಯಂ ಇಳಿದು, ಕಾಲು ಊದಬಹುದಾದ್ದರಿಂದ ಉಪ್ಪಿನಕಾಯಿ-ಹಪ್ಪಳಕ್ಕೆ ಕಡಿವಾಣ. ಮನೆಯಲ್ಲಿ ಬಸುರಿಯಿದ್ದರೆ ಅವರು ಆ ಮಾತ್ರೆಯನ್ನು ಬರಿಗೈಯಲ್ಲಿ ಮುಟ್ಟಬಾರದು, ಅರೆದು ಕೊಡುವ ಕೆಲಸವನ್ನಂತೂ ಯಾರೂ ಮಾಡಬಾರದು. ಎನ್‌ಜಲುಟಮೈಡ್ ತೆಗೆದುಕೊಳ್ಳುವವರಿಗೆ ಸುಸ್ತು, ಬೀಳುವ ಅಪಾಯ ಹೆಚ್ಚು, ಅಪರೂಪಕ್ಕೆ ಫಿಟ್ಸ್ ಬರುವುದುಂಟು. ಹಿಂದೆ ಫಿಟ್ಸ್ ಇದ್ದರೆ ಮುಚ್ಚಿಡಬೇಡಿ. ಮಾತ್ರೆಗಳೆಲ್ಲ ಮಕ್ಕಳ ಕೈಗೆ ಎಟುಕದ ಬೀರುವಿನಲ್ಲಿರಲಿ.

ಬೆನ್ನಿನಲ್ಲಿ ಹೊಸದಾಗಿ ಜೋರು ನೋವು ಬಂದು ಅದರ ಜೊತೆಗೆ ಕಾಲು ಸೋತ ಹಾಗಾದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಬೆಳಗಾಗಲಿ ಎಂದು ಕಾಯಬಾರದು. ಬೆನ್ನುಹುರಿ ಒತ್ತಿಹೋಗುತ್ತಿರಬಹುದು, ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು, ತಡವಾದರೆ ಕಾಲು ಮತ್ತೆ ಬರುವುದಿಲ್ಲ. ಎದೆನೋವಿಗೂ ಇದೇ ಮಾತು. ಆಂಬುಲೆನ್ಸ್‌ಗೆ 108.

ಪಿಎಸ್‌ಎ ಸೊನ್ನೆಯ ಹತ್ತಿರ ಬಂದ ಮೇಲೆ ಇಂಜೆಕ್ಷನ್ ಬಿಟ್ಟರಾಯಿತಲ್ಲ ಎಂಬ ಮಾತು ಒಂದಲ್ಲ ಒಂದು ದಿನ ಬರುತ್ತದೆ. ವಿಕಿರಣ ಚಿಕಿತ್ಸೆಯ ಜೊತೆಗೆ ಕೊಟ್ಟಿದ್ದರೆ ಕೆಲವರಿಗೆ ಆರು ತಿಂಗಳಿಗೇ ನಿಲ್ಲುತ್ತದೆ, ಇನ್ನು ಕೆಲವರಿಗೆ ಒಂದೂವರೆಯಿಂದ ಮೂರು ವರ್ಷ. ಹರಡಿದ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇರುವಷ್ಟು ದಿನವೂ ಬೇಕು. ಆಯ್ದ ಕೆಲವರಿಗೆ ಮಧ್ಯೆ ಬಿಡುವು ಕೊಟ್ಟು ಪಿಎಸ್‌ಎ ಏರಿದಾಗ ಮತ್ತೆ ಶುರು ಮಾಡುವ ಕ್ರಮವೂ ಇದೆ. ನಿಮ್ಮ ತಂದೆ ಇವರಲ್ಲಿ ಯಾರು ಎಂದು ಕೇಳಿ ಫೈಲಿನ ಮೇಲೆ ಬರೆಸಿಕೊಳ್ಳಿ. ನಿಲ್ಲಿಸಿದ ಮೇಲೂ ಹಾರ್ಮೋನ್ ಮರಳಲು ತಿಂಗಳುಗಳು ಹಿಡಿಯುತ್ತವೆ, ವಯಸ್ಸಾದವರಲ್ಲಿ ಪೂರ್ತಿ ಮರಳದೆಯೂ ಇರಬಹುದು. ಇಂಜೆಕ್ಷನ್ ತಾರೀಕನ್ನು ಸುಗ್ಗಿಗೋ ಮದುವೆಗೋ ಹಿಂದೆ ಮುಂದೆ ತಳ್ಳಬೇಡಿ. ಪ್ರತಿ ಸಲ ಬೆಂಗಳೂರಿಗೆ ಹೋಗುವುದು ಕಷ್ಟವಾದರೆ, ಚೀಟಿ ಬರೆಸಿಕೊಂಡು ಇಲ್ಲಿನ ಆಸ್ಪತ್ರೆಯಲ್ಲೇ ಹಾಕಿಸಬಹುದೇ ಎಂದು ಕೇಳಿ. ಆಗ ಔಷಧದ ಪೆಟ್ಟಿಗೆ ಮೇಲೆ ಬರೆದಿರುವ ಉಷ್ಣತೆ ನೋಡಿ, ಫ್ರಿಜ್‌ನಲ್ಲಿಡಬೇಕಾದದ್ದನ್ನು ಬಸ್ಸಿನಲ್ಲಿ ತೊಡೆ ಮೇಲೆ ಬಿಸಿಲಿಗಿಟ್ಟು ತರಬೇಡಿ. ಖರ್ಚಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ನಿಮ್ಮ ತಂದೆಗೆ ಬರೆದಿರುವ ಔಷಧ ಅದರಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಚಿಕಿತ್ಸೆಗೆ ಮುಂಚೆಯೇ ವಿಚಾರಿಸಿ.

ಕೊನೆಗೆ, ಓದುತ್ತಿರುವ ಮಗನಿಗೇ ಒಂದು ಮಾತು. ತಂದೆಗೋ ಅಣ್ಣತಮ್ಮನಿಗೋ ಪ್ರೊಸ್ಟೇಟ್ ಕ್ಯಾನ್ಸರ್ ಇದ್ದರೆ ನಿಮಗೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಮನೆತನದಲ್ಲಿ ಹೆಂಗಸರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಬಿಆರ್‌ಸಿಎ2 ಎಂಬ ವಂಶವಾಹಿಯ ದೋಷ ಎರಡು ಕಡೆಗೂ ಕಾರಣವಾಗಬಲ್ಲದು, ಅದು ನಿಮ್ಮ ಹೆಣ್ಣುಮಕ್ಕಳಿಗೂ ಸಂಬಂಧಪಟ್ಟ ವಿಷಯ. ನಿಮಗೆ 45 ತುಂಬುತ್ತಿದ್ದಂತೆ ಪಿಎಸ್‌ಎ ಪರೀಕ್ಷೆ ಮಾಡಿಸಬೇಕೇ, ಮಾಡಿಸಿದರೆ ಎಷ್ಟು ವರ್ಷಕ್ಕೊಮ್ಮೆ ಎಂದು ಯೂರಾಲಜಿಸ್ಟರ ಹತ್ತಿರ ಮಾತಾಡಿ. ಹೋಗುವಾಗ ಅಪ್ಪನ ಬಯಾಪ್ಸಿ ರಿಪೋರ್ಟಿನ ಒಂದು ಫೋಟೊ ಮೊಬೈಲಿನಲ್ಲಿರಲಿ.